ಹಿಂದಿನ ಸೀಟಿನ ಕೋಳಿ

ನನಗೆ ಮಾತು ಬರುವುದಿಲ್ಲ ಎಂದು ಬಹಳ ಜನ ತಿಳಿದಿದ್ದಾರೆ. ಹಾಗೇನಿಲ್ಲ. ಮಾತು ಬರುತ್ತದೆ. ಆದರೆ ಹೊಸ ಮದುವಣಗಿತ್ತಿಯ ಹಾಗೆ ಹೊಸಿಲ ತನಕ ಬಂದು ನಿಂತು, ಹೊರಗೆ ಯಾರಿದ್ದಾರೆ ಎಂದು ಇಣುಕಿ ನೋಡಿ, ಮತ್ತೆ ಒಳಗೆ ಓಡಿಹೋಗುತ್ತದೆ. ನಮ್ಮೂರ ಶಾಲೆಯಲ್ಲಿ ಮೇಷ್ಟರು ಹಾಜರಿ ಕೂಗುವಾಗ ನಾನು "ಇದ್ದೀನಿ ಸಾರ್" ಎನ್ನುತ್ತಿದ್ದದ್ದು ನನ್ನ ಪಕ್ಕದವಳಿಗೂ ಕೇಳಿಸುತ್ತಿರಲಿಲ್ಲ. ವರ್ಷದ ಕೊನೆಯಲ್ಲಿ ಮೇಷ್ಟರು ನಮ್ಮಪ್ಪನನ್ನು ಕರೆಸಿ, "ನಿಮ್ಮ ಹುಡುಗಿ ಶಾಲೆಗೇ ಬರೋದಿಲ್ಲವಲ್ಲಪ್ಪ" ಎಂದರು. ಅಪ್ಪ ಮೂರನೆಯ ಸಾಲಿನಲ್ಲಿ ಕೂತಿದ್ದ ನನ್ನನ್ನು ತೋರಿಸಿ, "ಹಾಗಾದ್ರೆ ಅದು ಯಾರು ಸ್ವಾಮಿ?" ಎಂದು ಕೇಳಿದರು. ಮೇಷ್ಟರು ಕನ್ನಡಕ ಸರಿಮಾಡಿಕೊಂಡು ನೋಡಿ, "ಓ, ಇದೊಂದು ಇದೆಯಲ್ಲ" ಎಂದರಂತೆ.

ಇಂಥವಳನ್ನು ಹಳೆಯ ಜೀಪೊಂದರ ಪರೀಕ್ಷೆಗೆ ಕಳಿಸಿದ್ದರು ಎಂದರೆ ನೀವು ನಗುತ್ತೀರಿ, ಮೊಮ್ಮಕ್ಕಳೇ. ಆ ಹಸಿರು ಜೀಪು ನಮ್ಮ ಮನೆಗೆ ಬಂದದ್ದು ಹೇಗೆ ಎಂದು ಕೇಳಿದರೆ ನಿಮ್ಮಪ್ಪ ಒಂದು ಕಥೆ ಹೇಳುತ್ತಾರೆ, ನಿಮ್ಮಮ್ಮ ಇನ್ನೊಂದು ಹೇಳುತ್ತಾಳೆ. ಎರಡರಲ್ಲೂ ನಾನು ಬಹಳ ಜಾಣೆ. ನಡೆದದ್ದನ್ನು ಇದ್ದ ಹಾಗೆ ಬರೆದಿಡುವುದು ವಾಸಿ.

ಮೊದಲು ನಿಮಗೊಂದು ಪದ್ಧತಿ ತಿಳಿದಿರಬೇಕು. ನಮ್ಮ ಕಡೆ ಅತ್ತೆಯಾದವಳು ಅಳಿಯನ ಎದುರು ನಿಂತು ನೇರವಾಗಿ ಮಾತಾಡುವಂತಿರಲಿಲ್ಲ. ಬಾಗಿಲ ಸಂದಿಯಲ್ಲಿ ನಿಂತು ಗೋಡೆಗೋ ಕಂಬಕ್ಕೋ ಹೇಳಬೇಕು. ಅಳಿಯ ಕೇಳಿಸಿಕೊಂಡು ಮಾಡಬೇಕು. ನಮ್ಮಮ್ಮನಂತೂ ಇದರಲ್ಲಿ ಪಳಗಿದ ಕೈ. ಒಮ್ಮೆ ನಿಮ್ಮ ತಾತ ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದಾಗ ಅವರ ಪಂಚೆಯ ಅಂಚಿಗೆ ಒಂದು ಚೇಳು ಹತ್ತಿತು. ಬೇರೆ ಯಾರಾದರೂ ಕಿರುಚಿಕೊಳ್ಳುತ್ತಿದ್ದರು. ನಮ್ಮಮ್ಮ ಸೆರಗು ಸರಿಮಾಡಿಕೊಂಡು, ಒಲೆಯ ಪಕ್ಕ ಮಲಗಿದ್ದ ಬೆಕ್ಕಿಗೆ, "ಬೆಕ್ಕಮ್ಮ, ಅಳಿಯಂದಿರ ಪಂಚೆ ಮೇಲೆ ಚೇಳು ಹತ್ತುತ್ತಾ ಇದೆಯಂತೆ, ನೋಡ್ಕೊಳ್ಳಬೇಕಂತೆ" ಎಂದರು. ತಾತ ಪಂಚೆ ಕೊಡವಿಕೊಂಡು ಅಂಗಳಕ್ಕೆ ಹಾರಿದರು. ಆಮೇಲೆ ಬೆಕ್ಕಿಗೆ ಉಪಕಾರ ಹೇಳಿದರು.

ಇಂಥ ಮನೆತನದಿಂದ ಬಂದ ನಾನು, ನಿಮ್ಮ ತಾತ ತೀರಿಕೊಂಡ ಮೇಲೆ ಬೆಂಗಳೂರಿನ ಅಂಚಿನ ಮಾಕಳಿಯಲ್ಲಿ ಮಗಳ ಮನೆ ಸೇರಿದೆ. ನಿಮ್ಮಪ್ಪನೂ ಅದೇ ಸಂಪ್ರದಾಯದವರು. ಇಬ್ಬರೂ ಒಂದೇ ಸೂರಿನ ಕೆಳಗೆ ವರ್ಷಗಟ್ಟಲೆ ಇದ್ದೆವು, ಒಂದು ದಿನವೂ ಜಗಳವಿಲ್ಲ. ಮಾತೇ ಇಲ್ಲದಿದ್ದರೆ ಜಗಳ ಎಲ್ಲಿಂದ ಬರಬೇಕು? "ಅನ್ನ ಆರುತ್ತೆ" ಎಂದು ನಾನು ತಟ್ಟೆಗೆ ಹೇಳುತ್ತಿದ್ದೆ. "ಸಾರು ಚೆನ್ನಾಗಿದೆ" ಎಂದು ಅವರು ಲೋಟಕ್ಕೆ ಹೇಳುತ್ತಿದ್ದರು.

ಈಗ ಜೀಪಿನ ವಿಷಯ. ಆಗ ನಮ್ಮ ಬಡಾವಣೆಗೆ ಟಾರು ರಸ್ತೆ ಇರಲಿಲ್ಲ. ತುಮಕೂರು ರಸ್ತೆಯಿಂದ ಒಳಗೆ ಬಂದು, ಕಾರ್ಖಾನೆಗಳ ಹಿಂಗೋಡೆ ದಾಟಿದರೆ ಒಂದು ತಗ್ಗು. ಮಳೆ ಬಂದರೆ ಕಾಲುವೆ ಉಕ್ಕಿ ಅದು ಕೆಸರಿನ ಕೆರೆ. ಒಂದು ಸಲ ನಿಮ್ಮ ಶಾಲೆಯ ವ್ಯಾನು ಅದರಲ್ಲಿ ಹೂತುಕೊಂಡು, ನಿಮ್ಮಿಬ್ಬರನ್ನೂ ನಿಮ್ಮಪ್ಪ ಹೆಗಲ ಮೇಲೆ ಹೊತ್ತು ತಂದರು. ಆಮೇಲೆ ವ್ಯಾನಿನವನು ಆಕಾಶದಲ್ಲಿ ಅಂಗೈಯಗಲ ಮೋಡ ಕಂಡರೆ ಸಾಕು, ಒಳಗೇ ಬರುತ್ತಿರಲಿಲ್ಲ. ಮುಂದಿನ ಮಳೆಗಾಲದಲ್ಲಿ ಮಕ್ಕಳನ್ನು ಶಾಲೆ ಮುಟ್ಟಿಸುವುದು ಹೇಗೆ ಎನ್ನುವುದೇ ಮನೆಯಲ್ಲಿ ಎಲ್ಲರ ಚಿಂತೆಯಾಯಿತು.

ಪೀಣ್ಯದಲ್ಲಿ ಲೇತು ಇಟ್ಟುಕೊಂಡು ಬೋಲ್ಟು ನಟ್ಟು ಮಾಡಿಸುವ ನಿಮ್ಮಪ್ಪನಿಗೆ, ಆನೇಕಲ್ ಕಡೆ ಒಂದು ಹಳೆಯ ಜೀಪು ಮಾರಾಟಕ್ಕಿದೆ ಎಂದು ಯಾರೋ ಹೇಳಿದರು. ಅಂದು ಸಂಜೆ ಅವರು ಮನೆಗೆ ಬಂದ ರೀತಿ ನೋಡಬೇಕಿತ್ತು. ಮದುವೆ ನಿಶ್ಚಯವಾದಾಗಲೂ ಅಷ್ಟು ಹಿಗ್ಗಿರಲಿಲ್ಲ.

"ಅಪ್ಪಟ ಫೋರ್ ವೀಲ್ ಕಣೆ! ನಾಲ್ಕು ಚಕ್ರಾನೂ ಎಳೆಯುತ್ತೆ!"

"ಬೇರೆ ಗಾಡಿಗಳಿಗೆ ಎಷ್ಟು ಚಕ್ರ ಇವೆ? ಅವು ಸುಮ್ನೆ ಇರ್ತಾವಾ?" ಎಂದಳು ನಿಮ್ಮಮ್ಮ.

"ಅದರಲ್ಲಿ ಎರಡು ದುಡೀತಾವೆ, ಇನ್ನೆರಡು ಸುಮ್ನೆ ಜೊತೇಲಿ ಬರ್ತಾವೆ."

"ನಮ್ಮನೆ ಹಾಗೆ ಅನ್ನಿ."

ನಿಮ್ಮಪ್ಪ ಅದನ್ನು ಕೇಳಿಸಿಕೊಳ್ಳದವರಂತೆ ಜೀಪಿನ ಗುಣಗಾನ ಮುಂದುವರಿಸಿದರು. ಕೊನೆಗೆ ನಿಮ್ಮಮ್ಮ, "ಹಳೇ ಗಾಡಿ ಅಂದ್ರೆ ಮನೆಗೆ ಒಬ್ಬಳು ಮುದುಕೀನ ತಂದು ಸಾಕಿದ ಹಾಗೆ ಕಣ್ರೀ. ದಿನಾ ಒಂದೊಂದು ಕಡೆ ನೋವು, ಬೆಳಿಗ್ಗೆ ಏಳೋಕಾಗಲ್ಲ, ಎದ್ರೆ ಕೆಮ್ಮು..." ಎನ್ನುತ್ತಾ ತಿರುಗಿದಳು. ನಾನು ಮೂಲೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದೆ. ನನಗೆ ಅದೇ ಹೊತ್ತಿಗೆ ಕೆಮ್ಮು ಬಂತು. ತಡೆದುಕೊಂಡೆ.

"ನೀನಲ್ಲಮ್ಮ" ಎಂದಳು.

ಆ ಸಂಕೋಚದಲ್ಲಿ ನಿಮ್ಮಪ್ಪನಿಗೆ ದಾರಿ ಸಿಕ್ಕಿತು. "ಅತ್ತೆಯವರೇ ಬಂದು ನೋಡಲಿ. ಅವರು ಬೇಡ ಅಂದ್ರೆ ಬೇಡ. ನಾನು ಆ ಜೀಪಿನ ಹೆಸರೂ ಎತ್ತಲ್ಲ" ಎಂದು ಕಿಟಕಿಗೆ ಹೇಳಿದರು. ನಾನು ಯಾವತ್ತೂ ಏನನ್ನೂ ಬೇಡ ಅಂದವಳಲ್ಲ ಎನ್ನುವುದು ಅವರ ಧೈರ್ಯ. ತಾನು ಹೇಳಿಕೊಟ್ಟದ್ದನ್ನೇ ಅಮ್ಮ ಹೇಳುತ್ತಾಳೆ ಎನ್ನುವುದು ನಿಮ್ಮಮ್ಮನ ಧೈರ್ಯ. ಇಬ್ಬರೂ ಒಪ್ಪಿದರು. ನನ್ನನ್ನು ಯಾರೂ ಕೇಳಲಿಲ್ಲ.

ನನಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ. ಅಳಿಯಂದಿರ ಆಸೆ ಮುರಿಯುವುದು ಕಷ್ಟ, ಮಗಳ ಮಾತು ಮೀರುವುದು ಕಷ್ಟ. ಅವೆರಡಕ್ಕಿಂತ ದೊಡ್ಡ ಕಷ್ಟವೆಂದರೆ ಆ ಗಾಡಿಯಲ್ಲಿ ಕೂತು ತಗ್ಗು ದಾಟಬೇಕಾದವರು ನೀವಿಬ್ಬರು. ಅದು ಕೆಸರಿನ ನಡುವೆ ಕೈಕೊಟ್ಟರೆ? ಆದ್ದರಿಂದ ನಿಜವಾಗಿಯೂ ಪರೀಕ್ಷೆ ಮಾಡಲೇಬೇಕು ಎಂದು ತೀರ್ಮಾನಿಸಿದೆ.

ಪರೀಕ್ಷೆ ಮಾಡುವುದು ಹೇಗೆಂದು ಹೇಳಿಕೊಡಲು ಬೀದಿಯವರೆಲ್ಲ ಮುಂದೆ ಬಂದರು. ಅಡಿಯಲ್ಲಿ ಬಗ್ಗಿ ತುಕ್ಕು ನೋಡಿ ಎಂದರು ಒಬ್ಬರು. ನಾನು ಬಗ್ಗಿದರೆ ಏಳುವುದಿಲ್ಲ. ಕಪ್ಪು ಹೊಗೆ ಬಂದರೆ ಡೀಸೆಲ್ ಹೆಚ್ಚು ಕುಡಿಯುತ್ತದೆ, ಬಿಳಿ ಬಂದರೆ ನೀರು ಸೋರುತ್ತಿದೆ, ನೀಲಿ ಬಂದರೆ ಆಯಿಲ್ ಸುಡುತ್ತಿದೆ ಎಂದರು ಇನ್ನೊಬ್ಬರು. ಹೊಗೆಯೇ ಬರದಿದ್ದರೆ ಎಂದು ನಾನು ಮೆಲ್ಲಗೆ ಕೇಳಿದೆ. "ಹಾಗಾದ್ರೆ ಗಾಡಿ ಸ್ಟಾರ್ಟೇ ಆಗಿಲ್ಲ ಅಂತ ಅರ್ಥ" ಎಂದರು. ನಿಮ್ಮಮ್ಮನಿಗೆ ಆಫೀಸಿನಲ್ಲಿ ತಿಂಗಳ ಕೊನೆಯ ಕೆಲಸ, ಬರುವ ಹಾಗಿಲ್ಲ. ತನ್ನ ಹಳೆಯ ಮೊಬೈಲನ್ನು ನನ್ನ ಕೈಗೆ ಕೊಟ್ಟು, "ಹಸಿರು ಗುಂಡಿ ಎರಡು ಸಲ ಒತ್ತು, ನಾನು ಸಿಗ್ತೀನಿ. ಏನು ಹುಳುಕು ಕಂಡರೂ ನನಗೆ ಹೇಳು, ನಾನು ಅವರಿಗೆ ಹೇಳ್ತೀನಿ" ಎಂದಳು.

ಹೀಗೆ ನಾನೂ ನಿಮ್ಮಪ್ಪನೂ ಬಸ್ಸಿನಲ್ಲಿ ಹೊರಟೆವು. ನಾನು ಮುಂದೆ ಹೆಂಗಸರ ಸೀಟಿನಲ್ಲಿ, ಅವರು ಹಿಂದೆ. ಇಳಿಯುವ ಜಾಗ ಬಂದಾಗಲೆಲ್ಲ ಅವರು ಹಿಂದಿನಿಂದ, "ಕಂಡಕ್ಟ್ರೇ, ಇಲ್ಲಿ ಇಳಿಯೋರಿದ್ದಾರೆ" ಎಂದು ಕೂಗುತ್ತಿದ್ದರು. ಕಂಡಕ್ಟರ್ ಒಂದು ಸಲ, "ಯಾರ್ರೀ ಅದು? ಇಳಿಯೋರು ಇಳೀರಿ, ಸುದ್ದಿ ಯಾಕೆ ಓದ್ತೀರಿ?" ಎಂದು ರೇಗಿದ.

ಆನೇಕಲ್ಲಿನಿಂದ ಸ್ವಲ್ಪ ಆಚೆ, ಕೆರೆಯ ಪಕ್ಕದ ಒಂದು ಊರು. ಗಾಡಿಯ ಯಜಮಾನ ಸೊಣ್ಣಪ್ಪ, ಗಿರಿಜಾ ಮೀಸೆಯವನು. ಅವನ ತಾಯಿ ಚಿಕ್ಕತಾಯಮ್ಮ, ನನಗಿಂತ ಹಿರಿಯಳು, ಆದರೆ ದನಿ ಕೆರೆಯ ಆಚೆ ದಡಕ್ಕೆ ಕೇಳುವಂಥದ್ದು. ಹೊಂಗೆ ಮರದ ಕೆಳಗೆ ಹಸಿರು ಜೀಪು ನಿಂತಿತ್ತು. ನಿಮ್ಮಪ್ಪ ಅದರ ಮೂತಿ ಸವರಿದರು. ಆಗಲೇ ನನಗೆ ಗೊತ್ತಾಯಿತು, ಇದು ವರ ಒಪ್ಪಿಬಿಟ್ಟ ಸಂಬಂಧ.

"ನಿನ್ನೆ ತಾನೆ ಒಸೂರ್ಗೆ ಓಗ್ ಬಂದೆ ಸಾರ್. ಮುಟ್ಟುದ್ರೆ ಸ್ಟಾರ್ಟು. ಇಂಥಾ ಗಾಡಿ ಈ ಸೀಮೇಲೇ ಇಲ್ಲ" ಎಂದ ಸೊಣ್ಣಪ್ಪ.

ನಾನು ಹಿಂದಿನಿಂದ ಹತ್ತಿ ಕೂತೆ. ಎದುರು ಬದುರಾಗಿ ಎರಡು ಉದ್ದನೆಯ ಸೀಟು. ನನ್ನ ಎದುರು ಸೀಟಿನ ಮೇಲೆ ಗೋಣಿಚೀಲ ಹಾಸಿತ್ತು. ಅದರ ಮೇಲೆ ಒಂದು ಕೆಂಪು ಕೋಳಿ ಕೂತಿತ್ತು. ನಾನು ಅದನ್ನು ನೋಡಿದೆ, ಅದು ನನ್ನನ್ನು ನೋಡಿತು. ಏಳಲಿಲ್ಲ. ಕಾವಿಗೆ ಕೂತ ಕೋಳಿ.

"ಅದುನ್ನ ಏಳುಸ್ಬ್ಯಾಡ ಕಣವ್ವ, ಮೊಟ್ಟೆ ಕೆಟ್ಟೋಯ್ತವೆ. ಅದರ ಪಾಡ್ಗೆ ಅದು ಇರ್ಲಿ" ಎಂದು ಚಿಕ್ಕತಾಯಮ್ಮ ಮನೆಯೊಳಗಿಂದಲೇ ಕೂಗಿದಳು.

ಹೊಗೆ, ತುಕ್ಕು ನನಗೆ ತಿಳಿಯದಿರಬಹುದು, ಆದರೆ ಕೋಳಿ ತಿಳಿಯುತ್ತದೆ. ಇದರ ಜುಟ್ಟು ಬಿಳಚಿಕೊಂಡಿತ್ತು, ಎದೆಯ ಪುಕ್ಕ ಉದುರಿತ್ತು. ಕಾವಿಗೆ ಕೂತು ಎರಡು ವಾರವಾದರೂ ಆಗಿರಬೇಕು. ಅಂದರೆ ಜೀಪು ಅಲ್ಲಿಂದ ಕದಲಿ ಅಷ್ಟೇ ದಿನವಾಗಿರಬೇಕು. ಹಾಗಾದರೆ ನಿನ್ನೆ ಹೊಸೂರಿಗೆ ಹೋದದ್ದು ಏನು? ಹುಳುಕು ಸಿಕ್ಕಿಬಿಟ್ಟಿತ್ತು! ನಿಮ್ಮಪ್ಪ ಮಾರು ದೂರದಲ್ಲೇ ನಿಂತಿದ್ದರು. ನಾನು ಹಸಿರು ಗುಂಡಿ ಎರಡು ಸಲ ಒತ್ತಿ, ಆಫೀಸಿನಲ್ಲಿದ್ದ ನಿಮ್ಮಮ್ಮನಿಗೆ ಪಿಸುಗುಟ್ಟಿದೆ.

"ಇಲ್ಲೊಂದು ಕೋಳಿ ಕಾವಿಗೆ ಕೂತಿದೆ ಕಣೆ. ಅವರಿಗೆ ಹೇಳು."

"ಅಮ್ಮಾ, ನೀನು ಜೀಪ್ ನೋಡೋಕೆ ಹೋದ್ಯೋ ಕೋಳಿ ನೋಡೋಕೆ ಹೋದ್ಯೋ?"

"ಕೋಳಿ ಅಂತ ಹೇಳು ಸಾಕು, ಅವರಿಗೆ ಅರ್ಥವಾಗುತ್ತೆ."

ಅರ್ಥವಾಗಲಿಲ್ಲ. ನಿಮ್ಮಪ್ಪನ ಫೋನು ಬಡಿದುಕೊಂಡಿತು. ಅವರು ಕೇಳಿಸಿಕೊಂಡು ತಲೆಯಾಡಿಸಿ, ಸೊಣ್ಣಪ್ಪನ ಕಡೆ ತಿರುಗಿ, "ನಮ್ಮತ್ತೆಯವರಿಗೆ ಆ ಕೋಳಿ ಇಷ್ಟ ಆಗಿದೆಯಂತೆ. ಅದನ್ನೂ ಕೊಡ್ತೀರಾ?" ಎಂದರು.

ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ.

ಸೊಣ್ಣಪ್ಪ ಕೀಲಿ ತಿರುಗಿಸಿದ. ಮುಟ್ಟಿದರೆ ಸ್ಟಾರ್ಟಾಗುವ ಗಾಡಿ, ಗಂಟಲಲ್ಲಿ ಕಫ ಕಟ್ಟಿದವರ ಹಾಗೆ ಒಮ್ಮೆ ಗೊರಕ್ ಎಂದು ಸುಮ್ಮನಾಯಿತು. "ನಿದ್ದೇಲೈತೆ" ಎಂದ. ಊರಿನ ನಾಲ್ಕು ಜನ ಸೇರಿ ಇಳಿಜಾರಿನಲ್ಲಿ ತಳ್ಳಿದರು. ನಾನೂ ಕೋಳಿಯೂ ಒಳಗೇ ಇದ್ದೆವು. ಇದ್ದಕ್ಕಿದ್ದಂತೆ ಜೀಪು ಎದ್ದಿತು. ಹೊಗೆ ಮೊದಲು ಕಪ್ಪಗೆ ಬಂತು, ಆಮೇಲೆ ಬೆಳ್ಳಗೆ ಬಂತು, ಕೊನೆಗೆ ಎರಡೂ ಕಲಸಿದ ಬಣ್ಣ. ಬೀದಿಯವರು ಹೇಳಿಕೊಟ್ಟ ಯಾವ ರೋಗಕ್ಕೂ ಅದು ಪೂರ್ತಿ ಹೊಂದುತ್ತಿರಲಿಲ್ಲ.

ನಿಮ್ಮಪ್ಪ ಸ್ಟೇರಿಂಗ್ ಹಿಡಿದರು, ಸೊಣ್ಣಪ್ಪ ಪಕ್ಕದಲ್ಲಿ ಕೂತ. ನಾಲ್ಕು ಚಕ್ರದ ಎಳೆತ ತೋರಿಸಲು ಕೆರೆಯಂಗಳಕ್ಕೇ ಇಳಿಸಿದರು. ನೀರು ಹಿಂದೆ ಸರಿದಿತ್ತು, ಕೆಸರು ಉಳಿದಿತ್ತು. ಮುಂದೆ ಬಲಕ್ಕೆ ಒಂದು ಹೊಂಡ ಕಂಡಿತು. ನಾನು ನಿಮ್ಮಮ್ಮನಿಗೆ ಫೋನು ಮಾಡಿ, "ಬಲಗಡೆ ಹೊಂಡ ಇದೆ, ಅವರಿಗೆ ಹೇಳು" ಎಂದೆ. ಅವಳು ಅವರಿಗೆ ಫೋನು ಮಾಡಿ, ಅವರು ಜೇಬಿನಿಂದ ಅದನ್ನು ತೆಗೆಯುವಷ್ಟರಲ್ಲಿ ನಾವು ಹೊಂಡಕ್ಕೆ ಇಳಿದು, ಅತ್ತ ಹತ್ತಿ, ಇತ್ತ ಬಂದಾಗಿತ್ತು. "ಒಂಡ ಐತಂತಾ ಸಾರ್?" ಎಂದ, ಫೋನಿನ ದನಿ ಕೇಳಿಸಿಕೊಂಡ ಸೊಣ್ಣಪ್ಪ. "ಇತ್ತು" ಎಂದರು ನಿಮ್ಮಪ್ಪ.

ಅವರು ಸಣ್ಣ ಹಿಡಿಯೊಂದನ್ನು ಎಳೆದಾಗ ಜೀಪು ಕೆಸರನ್ನು ಉತ್ತುಕೊಂಡು ಹೋದದ್ದು ಮಾತ್ರ ಸುಳ್ಳಲ್ಲ. ಹೋರಿಯ ಹಾಗೆ ಹೋಯಿತು. ನಿಮ್ಮಪ್ಪನ ಮುಖ ಕನ್ನಡಿಯಲ್ಲಿ ಕಾಣುತ್ತಿತ್ತು. ನೀವು ಐಸ್‌ಕ್ರೀಮ್ ನೋಡಿದಾಗ ನಿಮ್ಮ ಮುಖ ಹಾಗಿರುತ್ತದೆ. "ಇನ್ನೊಂದು ಸಲ" ಎಂದರು. ಇನ್ನೊಂದು ಸಲಕ್ಕೆ ಕೆಸರಿನ ನಟ್ಟನಡುವೆ ಜೀಪು ನಿಂತಿತು. ಕೀಲಿ ತಿರುಗಿಸಿದರೆ ಗೊರಕ್ಕೂ ಇಲ್ಲ.

ಈಗ ಹೇಳಲೇಬೇಕಿತ್ತು. ಫೋನು ಒತ್ತಿದೆ, ಹೋಗಲಿಲ್ಲ. ಕೆರೆಯೊಳಗೆ ಸಿಗ್ನಲ್ ಇಲ್ಲ. ಇದೇ ಗಾಡಿ ನಮ್ಮ ತಗ್ಗಿನಲ್ಲಿ ನಿಮ್ಮಿಬ್ಬರನ್ನು ಕೂರಿಸಿಕೊಂಡು ಹೀಗೆ ನಿಂತರೆ ಎಂದು ನೆನೆದೆ. ಸುತ್ತ ನೋಡಿದೆ. ಗೋಡೆಯಿಲ್ಲ, ಕಂಬವಿಲ್ಲ. ಎದುರಿಗೆ ಕೋಳಿ.

"ಏನಮ್ಮ ಕೋಳಿ," ಎಂದೆ, "ನೀನು ಇಲ್ಲಿ ಕೂತು ಎರಡು ವಾರದ ಮೇಲಾಯಿತಲ್ಲ, ನಿನ್ನೆ ಹೊಸೂರಿಗೆ ಹೋದ ಜೀಪು ಯಾವುದಮ್ಮ?"

ನಿಮ್ಮಪ್ಪ ಮೆಲ್ಲಗೆ ಹಿಂದೆ ತಿರುಗಿದರು. ನನ್ನ ಕಡೆ ನೋಡಲಿಲ್ಲ, ಪದ್ಧತಿ ಬಿಡುವವರಲ್ಲ. ಕೋಳಿಯ ಕಡೆ ನೋಡಿದರು. "ಹೌದಲ್ವಾ ಕೋಳಿ? ನನಗೆ ಹೊಳೀಲೇ ಇಲ್ಲ. ಮಾಲೀಕರು ಏನಂತಾರೋ ಕೇಳು."

ಸೊಣ್ಣಪ್ಪನೂ ತಿರುಗಿದ. ಮೀಸೆ ಇಳಿದಿತ್ತು. "ಏಯ್ ಕೋಳಿ, ನಾನೇನ್ ಮಾಡ್ಲಿ?" ಎಂದ. "ನೀನ್ ಕುಂತಾಗಿಂದ ನಮ್ಮವ್ವ ಗಾಡಿ ಮುಟ್ಟಕ್ಕೇ ಬುಟ್ಟಿಲ್ಲ. ಬ್ಯಾಟ್ರಿ ಸತ್ತೋಯ್ತು. ಒಸೂರ್ಗೆ ಓಗಿದ್ದು ನಿಜ, ಆದ್ರೆ ಉಗಾದಿ ಅಬ್ಬುಕ್ಕೆ."

"ಬೇರೆ ಏನಾದರೂ ಹುಳುಕು ಇದೆಯೋ ಕೇಳಮ್ಮ" ಎಂದೆ ನಾನು. ಬಾಯಿ ಬಿಚ್ಚಿದ್ದೇ ತಡ, ನನಗೆ ಎಲ್ಲಿಲ್ಲದ ಧೈರ್ಯ ಬಂದಿತ್ತು.

"ಮಳೇಲಿ ವೈಪರ್ ಒಂದೇ ಕಡೆ ಆಡ್ತದೆ ಅಂತ ಏಳು."

"ಬ್ರೇಕು?"

"ಬ್ರೇಕ್ ಸಂದಾಗೈತೆ, ನಮ್ಮವ್ವನಾಣೆ!"

ಕೋಳಿ ಒಬ್ಬೊಬ್ಬರನ್ನೂ ಕತ್ತು ತಿರುಗಿಸಿ ನೋಡುತ್ತಿತ್ತು. ಬಿಸಿಲು ಅದರ ಮೇಲೆ ಬೀಳತೊಡಗಿದಾಗ ಸೊಣ್ಣಪ್ಪ ಹಿಂದಕ್ಕೆ ದಾಟಿ ಬಂದು ತನ್ನ ಟವೆಲ್ಲನ್ನು ಅದಕ್ಕೆ ನೆರಳಾಗಿ ಹಿಡಿದು ಕೂತ. "ಇದು ಎದ್ರೆ ನಮ್ಮವ್ವ ನನ್ನ ಮನೆಗೆ ಸೇರ್ಸಕ್ಕಿಲ್ಲ" ಎಂದ. ಕೊನೆಗೆ ಒಂದು ಟ್ರಾಕ್ಟರ್ ಬಂದು ನಮ್ಮನ್ನೆಲ್ಲ ಎಳೆದು ದಡ ಸೇರಿಸಿತು.

ಟ್ರಾಕ್ಟರಿನ ಹಿಂದೆ ಬರುವಾಗ ನಾನು ಗಟ್ಟಿ ಮನಸ್ಸು ಮಾಡಿದೆ. ಪದ್ಧತಿ ಹಾಳಾಗಲಿ. ನಿಮ್ಮಪ್ಪನ ಎದುರು ನಿಂತು "ಈ ಗಾಡಿ ಬೇಡ" ಎಂದು ಹೇಳಿಯೇ ಬಿಡುತ್ತೇನೆ. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಉರು ಹೊಡೆದೆ. ಈ ಗಾಡಿ ಬೇಡ. ಈ ಗಾಡಿ ಬೇಡ.

ಮನೆ ಮುಂದೆ ಚಿಕ್ಕತಾಯಮ್ಮ ನಮ್ಮ ಯಾರನ್ನೂ ಮಾತಾಡಿಸದೆ ಮೊದಲು ಕೋಳಿಯ ಕೆಳಗೆ ಕೈ ಹಾಕಿ ನೋಡಿದಳು. ಅದು ಒಂದು ಗೇಣೂ ಕದಲಿರಲಿಲ್ಲ. "ಕೆರೇಲೆಲ್ಲ ಉಳ್ಳಾಡ್ಕಂಡ್ ಬಂದ್ರೂ ಕೋಳಿ ಎದ್ದಿಲ್ಲ! ಗಾಡಿ ಅಂದ್ರೆ ಇಂಗಿರ್ಬೇಕು" ಎಂದಳು. ಆಮೇಲೆ ನನ್ನ ಮುಖ ನೋಡಿ, "ಬಾರವ್ವ, ಬಿಸ್ಲಲ್ಲಿ ಬಾಡೋಗಿದ್ದೀಯ" ಎಂದು ಜಗಲಿಯ ಮೇಲೆ ಕೂರಿಸಿ, ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಇಟ್ಟು ಕೈಗೆ ಕೊಟ್ಟಳು. ನನಗೆ ಬಾಯಿ ಒಣಗಿತ್ತು. ಮನೆಗೆ ಬಂದವರಿಗೆ ಕೊಡುವ ಎಲೆ ಅಡಿಕೆ ಎಂದುಕೊಂಡು ಬಾಯಿಗೆ ಹಾಕಿಕೊಂಡೆ. ಚೆನ್ನಾಗಿ ಅಗಿದೆ. ಆಗ ನಿಮ್ಮಪ್ಪ ಜಗಲಿಯ ಕಂಬವನ್ನು ನೋಡುತ್ತಾ, "ಅತ್ತೆಯವರು ಏನಂತಾರೋ?" ಎಂದು ಕೇಳಿದರು.

ಈ ಗಾಡಿ ಬೇಡ. ಮಾತು ಹೊಸಿಲಿಗೆ ಬಂದಿತ್ತು, ಹೊರಗೆ ಕಾಲಿಡಲೂ ಸಿದ್ಧವಾಗಿತ್ತು. ಆದರೆ ಬಾಯಿ ತುಂಬ ಕೆಂಪು ರಸ. ಗುಡಿಸಿ ಸಾರಿಸಿದ ಅಂಗಳದಲ್ಲಿ, ಅದೂ ಅಳಿಯನ ಎದುರು ಉಗುಳುವುದುಂಟೇ? ನುಂಗಿದೆ. ಅಡಿಕೆ ಚೂರು ಗಂಟಲಿಗೆ ಸಿಕ್ಕಿಕೊಂಡಿತು. ಕೆಮ್ಮು ತಡೆಯಲು ಹೋಗಿ ತಲೆ ಮೇಲೆ ಕೆಳಗೆ, ಮೇಲೆ ಕೆಳಗೆ ಆಡಿತು.

"ಎಲೆ ಅಡಿಕೆ ಆಕ್ಕಂಡ್ರು, ತಲೇನೂ ಆಡುಸುದ್ರು! ಮಾತಾಯ್ತು ಕಣ್ಲಾ ಸೊಣ್ಣ!" ಎಂದು ಚಿಕ್ಕತಾಯಮ್ಮ ಊರಿಗೆಲ್ಲ ಕೇಳುವಂತೆ ಸಾರಿದಳು.

ನಮ್ಮ ಕಡೆ ಎತ್ತಿನ ವ್ಯಾಪಾರವಾಗಲಿ, ಹೆಣ್ಣು ಗಂಡಿನ ಮಾತಾಗಲಿ, ಎಲೆ ಅಡಿಕೆ ಬಾಯಿಗೆ ಬಿದ್ದ ಮೇಲೆ ತಿರುಗಿಸುವಂತಿಲ್ಲ. ನನ್ನ ಮದುವೆಯೂ ಹಾಗೆಯೇ ಆದದ್ದು. ನಿಮ್ಮ ತಾತ ನನ್ನನ್ನು ಇನ್ನೂ ನೋಡಿರಲಿಲ್ಲ, ಅಷ್ಟರಲ್ಲಿ ಅವರ ಸೋದರಮಾವ ನಮ್ಮ ಮನೆಯ ಅಡಿಕೆ ಅಗಿದುಬಿಟ್ಟಿದ್ದರು. ನಿಮ್ಮಪ್ಪನ ಕಣ್ಣಲ್ಲಿ ನೀರಾಡುತ್ತಿತ್ತು. ನನ್ನ ಕಣ್ಣಲ್ಲೂ ನೀರಿತ್ತು, ಅದು ಅಡಿಕೆಯದ್ದು.

ಬ್ಯಾಟರಿ ಹೊಸದು ಹಾಕಿಸಿ, ಮೂರನೆಯ ದಿನ ಜೀಪು ತಂದೆವು. ಕೋಳಿಯೂ ಬಂತು. ಮರಿಯಾಗುವ ತನಕ ಅದನ್ನು ಎಬ್ಬಿಸಕೂಡದು, ಮರಿಯಾದ ಮೇಲೆ ತಾಯಿ ಮಕ್ಕಳನ್ನು ತಂದು ಒಪ್ಪಿಸಬೇಕು ಎನ್ನುವುದು ಚಿಕ್ಕತಾಯಮ್ಮನ ಕರಾರು. ಎಲೆಕ್ಟ್ರಾನಿಕ್ ಸಿಟಿಯ ಸಿಗ್ನಲ್ಲಿನಲ್ಲಿ ಕೊರಳಿಗೆ ಕಾರ್ಡು ನೇತುಹಾಕಿಕೊಂಡ ಹುಡುಗರು ನನ್ನನ್ನೂ ಕೋಳಿಯನ್ನೂ ಸೇರಿಸಿ ಫೋಟೋ ಹೊಡೆದುಕೊಂಡರು. ಮನೆಯ ಬಾಗಿಲಲ್ಲಿ ನಿಮ್ಮಮ್ಮ ಜೀಪನ್ನು ನೋಡಿದಳು, ಕೋಳಿಯನ್ನು ನೋಡಿದಳು, ಕೊನೆಗೆ ನನ್ನನ್ನು ನೋಡಿದಳು.

"ಬೇಡ ಅನ್ನೋಕೆ ನಿನ್ನ ಬಾಯಿಗೆ ಏನಾಗಿತ್ತಮ್ಮ?"

"ಬಾಯಲ್ಲಿ ಅಡಿಕೆ ಇತ್ತು" ಎಂದೆ.

ಅವಳು ಎಂಟು ದಿನ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಮಳೆ ಬಂತು. ತಗ್ಗು ತುಂಬಿತು. ವ್ಯಾನಿನವನು ಎಂದಿನಂತೆ ಮುಖ್ಯರಸ್ತೆಯಲ್ಲೇ ಹಾರನ್ ಹೊಡೆಯತೊಡಗಿದ. ನಿಮ್ಮಪ್ಪ ನಿಮ್ಮಿಬ್ಬರನ್ನು ಜೀಪಿಗೆ ಹತ್ತಿಸಿದರು. ನಾನು ಗೇಟಿನಲ್ಲಿ ಕಣ್ಣು ಮುಚ್ಚಿ ನಿಂತೆ. ಕಣ್ಣು ತೆಗೆದಾಗ ಜೀಪು ತಗ್ಗಿನ ಆಚೆ ಇತ್ತು, ನೀವು ಹಿಂದಿನಿಂದ ಕೈ ಬೀಸುತ್ತಿದ್ದಿರಿ. ಅದು ನಿಮ್ಮನ್ನು ಶಾಲೆಯ ಗೇಟಿನ ತನಕ ಬಿಟ್ಟಿತು. ಅಲ್ಲೇ ನಿಂತು, ಮಿಕ್ಕ ಯಾರೂ ಒಳಗೆ ಹೋಗದಂತೆ ಮಧ್ಯಾಹ್ನದವರೆಗೆ ಅಡ್ಡವಾಗಿತ್ತು ಎನ್ನುವುದು ಬೇರೆ ಮಾತು. ನಮ್ಮ ಮಕ್ಕಳು ಒಳಗೆ ಹೋಗಿಯಾಗಿತ್ತಲ್ಲ. ಆ ಮಳೆಗಾಲದಲ್ಲಿ ನೀವು ಒಂದು ದಿನವೂ ಶಾಲೆ ತಪ್ಪಿಸಲಿಲ್ಲ. ಅದಕ್ಕಾಗಿ ಜೀಪನ್ನು ನೀವು ಎಷ್ಟು ಬೈದಿರಿ ಎನ್ನುವುದು ನನಗೆ ನೆನಪಿದೆ. ನಿಮ್ಮಮ್ಮ ಮಾತ್ರ ಬೀದಿಯವರಿಗೆಲ್ಲ, "ನಮ್ಮಮ್ಮ ಆರಿಸಿದ ಗಾಡಿ. ಮಾಲೀಕನ ಸುಳ್ಳನ್ನ ನಿಂತ ನಿಲುವಿನಲ್ಲೇ ಹಿಡಿದುಬಿಟ್ಟಳಂತೆ!" ಎಂದು ಹೇಳಿಕೊಂಡು ತಿರುಗತೊಡಗಿದಳು.

ಇದರ ಫಲ ಕೇಳಿ. ಆಗ ಪಕ್ಕದ ವಠಾರದಲ್ಲಿ ಗದಗದ ಕಡೆಯ ಗಾರೆ ಕೆಲಸದ ರುದ್ರಪ್ಪ ಎಂಬುವನಿದ್ದ. ಒಂದು ದಿನ ಬಂದು, "ಯವ್ವಾ, ಒಂದು ಹಳೇ ಟೆಂಪೋ ನೋಡೇನ್ರಿ. ನೀವು ಒಂದ್ಸಲ ಕಣ್ಣಾಡ್ಸಬೇಕ್ರಿ" ಎಂದ. ಆಗುವುದಿಲ್ಲ ಎನ್ನಲು ನಾಚಿಕೆಯಾಗಿ ಹೋದೆ. ಟೆಂಪೋದ ಸುತ್ತ ಒಂದು ಸುತ್ತು ಬಂದೆ. ನನಗೆ ತಿಳಿದಿರುವ ಪರೀಕ್ಷೆ ಒಂದೇ. ಹಿಂದೆ ಇಣುಕಿ ಕೋಳಿಗಾಗಿ ಹುಡುಕಿದೆ. ಇರಲಿಲ್ಲ. ಇನ್ನು ಏನು ನೋಡಬೇಕೋ ತಿಳಿಯದೆ ಸುಮ್ಮನೆ ನಿಂತೆ.

ರುದ್ರಪ್ಪ ನನ್ನ ಮುಖವನ್ನೇ ನೋಡುತ್ತಿದ್ದವನು, ಮಾಲೀಕನಿಗೆ, "ಬ್ಯಾಡ್ರಿ. ಅವ್ವಾರ ಮನಸ್ಸು ಒಪ್ಪವಲ್ದು" ಎಂದು ಕೈಮುಗಿದು ಹೊರಟೇಬಿಟ್ಟ. ಮಾಲೀಕ ಹಿಂದೆಯೇ ಓಡಿಬಂದು, "ಅಮ್ಮಾ, ಗೇರ್‌ಬಾಕ್ಸ್ ವಿಷಯ ನಿಮಗೆ ಯಾರು ಹೇಳಿದ್ರು?" ಎಂದು ಕೇಳಿದ. ನಾನು ಸೆರಗು ಸರಿಮಾಡಿಕೊಂಡು ಮುಂದೆ ನಡೆದೆ. ದಾರಿಯಲ್ಲಿ ರುದ್ರಪ್ಪ, "ಮುಟ್ಟದೇನ ಹ್ಯಾಂಗ ಕಂಡುಹಿಡಿದ್ರಿ ಯವ್ವಾ?" ಎಂದು ಕೇಳುತ್ತಲೇ ಬಂದ. ಹೇಳಿಬಿಡೋಣ ಎಂದುಕೊಂಡೆ. ಅಷ್ಟರಲ್ಲಿ ನಮ್ಮ ಮನೆಯ ಗೇಟು ಬಂತು. ಅಲ್ಲಿ ಆಗಲೇ ಇನ್ನಿಬ್ಬರು ನನಗಾಗಿ ಕಾಯುತ್ತಿದ್ದರು. ಒಬ್ಬರಿಗೆ ಸೆಕೆಂಡ್ ಹ್ಯಾಂಡ್ ಸ್ಕೂಟರಂತೆ, ಇನ್ನೊಬ್ಬರಿಗೆ ಬೋರ್‌ವೆಲ್ ಮೋಟಾರಂತೆ.